ಉಷ್ಣ ಅಂದುಕೊಂಡು ಕುಡಿಸಿದ ನೀರು

ಮೊಮ್ಮಗಳು ಹುಟ್ಟಿದಳು. ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ನನ್ನ ಮಗನಿಗೆ ಹೆಣ್ಣು ಮಗು ಆಯಿತು. ಮೂರು ಕೆಜಿಗೆ ಒಂದು ಚೂರು ಕಮ್ಮಿ ಅಷ್ಟೆ. ತೂಕದ ತಟ್ಟೆ ಮೇಲೆ ಮಲಗಿಸಿದರೆ ನರ್ಸಮ್ಮನ ಕೈಗೇ ಒದ್ದಳಂತೆ, ನರ್ಸಮ್ಮ ಬೈದುಕೊಂಡೇ ನಗುತ್ತಿದ್ದರು. ಆಸ್ಪತ್ರೆಯಿಂದ ಹಲಸೂರಿನ ಮನೆಗೆ ನಡೆದು ಬರುವಷ್ಟರಲ್ಲಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ತಮಿಳಿನಲ್ಲಿ ಹರಸಿ, ಯಾರ ಹಾಗಿದೆ ಮಗು ಅಂತ ಕೇಳಿದಳು. ನನ್ನ ಮಗನ ಹಾಗೇ ಇದೆ, ಅದೇ ಮೂಗು, ಅದೇ ಹಠ ಅಂದೆ. ಅಷ್ಟು ಹೇಳಿ ಬಿರಬಿರನೆ ಅಲ್ಲಿಂದ ಹೊರಟುಬಿಟ್ಟೆ. ಯಾಕೆ ಅಂದರೆ, ಒಂಬತ್ತು ವರ್ಷದ ಕೆಳಗೆ ಇದೇ ಮಗ ಸತ್ತೇ ಹೋದ ಅಂತ ನಾನು ಆಸ್ಪತ್ರೆ ಗೋಡೆಗೆ ಹಣೆ ಚಚ್ಚಿಕೊಂಡಿದ್ದೆ. ಅವನನ್ನು ಸಾಯಿಸೋಕೆ ಹೋಗಿದ್ದವಳೂ ಅರ್ಧ ನಾನೇ.

ಅದನ್ನು ಇವತ್ತಿನವರೆಗೆ ಎಲ್ಲೂ ಪೂರ್ತಿ ಹೇಳಿಲ್ಲ. ಇವತ್ತು ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ಇಂದಿರಾನಗರದಲ್ಲಿ ಒಂದು ಹೊಂಗೆ ಮರದ ಕೆಳಗೆ ನನ್ನ ಇಸ್ತ್ರಿ ಗಾಡಿ. ನಮ್ಮನೆಯವರು ಮರದ ಡಿಪೋದಲ್ಲಿ ಗರಗಸದ ಕೆಲಸ ಮಾಡುತ್ತಿದ್ದರು. ಒಬ್ಬನೇ ಮಗ. ಆಗ ಅವನಿಗೆ ಇಪ್ಪತ್ತೊಂದು. ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರ ಹತ್ತಿರ ಸೇರಿಕೊಂಡು ಬೀರುವಿನಷ್ಟು ದೊಡ್ಡ ಸ್ಪೀಕರುಗಳನ್ನು ಹೊರುತ್ತಿದ್ದ. ನಮ್ಮ ಕಡೆ ಬಂಗಲೆಗಳೆಲ್ಲ ಒಂದೊಂದೇ ಪಬ್ಬು ಆಗುತ್ತಿದ್ದ ಕಾಲ ಅದು. ಮೊಬೈಲು ಇನ್ನೂ ದೊಡ್ಡವರ ಕೈಯಲ್ಲಿ ಮಾತ್ರ ಇತ್ತು. ಪಾರ್ಟಿ ಇದ್ದ ಕಡೆಯೆಲ್ಲ ನನ್ನ ಮಗ ಇರುತ್ತಿದ್ದ. ಕುಣಿಯೋಕಲ್ಲ, ಹೊರೋಕೆ.

ಆ ಭಾನುವಾರ ಕೆ.ಆರ್. ಪುರ ದಾಟಿ ಒಂದು ತೋಟದ ಮನೆಯಲ್ಲಿ ಪಾರ್ಟಿ. ರಾತ್ರಿ ಆದರೆ ಪೊಲೀಸರು ಬರುತ್ತಾರೆ ಅಂತ ಮಧ್ಯಾಹ್ನವೇ ಶುರು ಮಾಡಿದ್ದರಂತೆ. ಏಪ್ರಿಲ್ ಬಿಸಿಲು. ಸಾಯಂಕಾಲ ಐದಕ್ಕೆ ಮಗ ಮನೆಗೆ ಬಂದ. ಬಂದವನೇ ಕಟ್ಟೆ ಮೇಲೆ ಬೀಡಿ ಸೇದುತ್ತಾ ಕೂತಿದ್ದ ಅವರಪ್ಪನ ಕತ್ತು ತಬ್ಬಿಕೊಂಡ.

"ಅಪ್ಪ, ನಿನ್ನ ಕಂಡ್ರೆ ನಂಗೆ ತುಂಬಾ ಪ್ರೀತಿ ಕಣಪ್ಪ," ಅಂದ.

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಅಂಥ ಮಾತು ಆಡಿದವರಲ್ಲ. ಮದುವೆಯಾದ ಇಷ್ಟು ವರ್ಷದಲ್ಲಿ ನನಗೇ ಒಂದು ಸಲ ಹೇಳಿದವರಲ್ಲ ಆ ಮನುಷ್ಯ. ಮಗನ ಕೈ ಕಿತ್ತು ಹಾಕಿ ಅವನ ಬಾಯಿ ಮೂಸಿ ನೋಡಿದರು. ಹೆಂಡದ ವಾಸನೆ ಇರಲಿಲ್ಲ. ಅದಕ್ಕೇ ಇನ್ನೂ ಕೋಪ ಬಂತು. ವಾಸನೆಯೇ ಬರದಂಥದ್ದು ಕುಡಿಯೋ ಮಟ್ಟಕ್ಕೆ ಹೋದನಾ ಇವನು ಅಂತ ಸೊಂಟದ ಬೆಲ್ಟು ಬಿಚ್ಚಿದರು.

ಹೊಡೆತ ಅಂದರೆ ಅಂಥಿಂಥ ಹೊಡೆತ ಅಲ್ಲ. ಗರಗಸ ಎಳೆದ ತೋಳು ಅದು. ಬೆನ್ನು, ತೊಡೆ, ಮೊಣಕೈ, ಎಲ್ಲಿ ಬಿತ್ತೋ ಅಲ್ಲಿ. ಮಗ ತಪ್ಪಿಸಿಕೊಳ್ಳಲಿಲ್ಲ. ನಗುತ್ತಿದ್ದ. ಹೊಡೆಯಪ್ಪ, ಪರವಾಗಿಲ್ಲ ಹೊಡಿ ಅನ್ನುತ್ತಿದ್ದ. ನಗು ನೋಡಿ ಇವರಿಗೆ ಹುಚ್ಚೇ ಹಿಡಿಯಿತು. ಬೆಲ್ಟಿನ ಬಕಲ್ಲು ಕಿವಿಯ ಮೇಲೆ ಬಿದ್ದು ಚರ್ಮ ಹರಿದು ರಕ್ತ ಕತ್ತಿಗೆ ಇಳಿಯಿತು. ಆಗ ನಾನು ನಡುವೆ ನುಗ್ಗಿದೆ, ನನಗೂ ಎರಡು ಬಿತ್ತು. ಬೆಲ್ಟು ಕಿತ್ತುಕೊಂಡು ಚರಂಡಿಗೆ ಎಸೆದೆ.

ಮಗನನ್ನು ಒಳಗೆ ಎಳೆದು ತಂದು ಹಣೆ ಮುಟ್ಟಿದೆ. ನನ್ನ ಕೈ ದಿನವಿಡೀ ಕೆಂಡದ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ, ಅಂಥ ಕೈಗೂ ಬಿಸಿ ತಾಗಿತು. ಕಣ್ಣಿನ ಕರಿಗುಡ್ಡೆ ಅಗಲವಾಗಿ ಬಿಳಿ ಕಾಣದ ಹಾಗೆ ಆಗಿತ್ತು. ಹಲ್ಲು ಕಡಿಯುವ ಸದ್ದು ಅಡಿಗೆ ಮನೆಗೆ ಕೇಳುತ್ತಿತ್ತು. ಏನೋ ತಿಂದೆ ಅಂತ ಕೇಳಿದೆ. ಏನಿಲ್ಲಮ್ಮ, ಒಂದೇ ಒಂದು ಮಾತ್ರೆ ಅಂದ. ಬಿಸಿಲಿಗೆ ತಲೆನೋವು ಬಂದು ಮಾತ್ರೆ ನುಂಗಿದಾನೆ ಅಂದುಕೊಂಡೆ. ನಮಗೆ ಮಾತ್ರೆ ಅಂದರೆ ಅದೇ, ಶೆಟ್ಟರ ಅಂಗಡಿಯಲ್ಲಿ ಕತ್ತರಿಸಿ ಕೊಡುವ ಒಂದು ಮಾತ್ರೆ.

ನನ್ನ ಬುದ್ಧಿಗೆ ತಿಳಿದ ಕಾಯಿಲೆ ಒಂದೇ, ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ಮೊಡವೆ ಎದ್ದರೆ ಉಷ್ಣ, ನಮ್ಮನೆಯವರು ಸುಮ್ಮಸುಮ್ಮನೆ ಕೂಗಾಡಿದರೂ ಉಷ್ಣ. ನೆತ್ತಿಗೂ ಕಾಲಿನ ಹೆಬ್ಬೆರಳಿಗೂ ಹರಳೆಣ್ಣೆ ತಟ್ಟಿದೆ. ಆಮೇಲೆ ನೀರು. ಅವನೂ ನೀರು ಕೊಡು ನೀರು ಕೊಡು ಅಂತಲೇ ಇದ್ದ, ನೀರು ಕುಡೀತಾನೇ ಇರಬೇಕಂತೆ ಅಂದ. ಯಾರು ಹೇಳಿದರು ಅಂತ ನಾನು ಕೇಳಲಿಲ್ಲ. ನನಗೂ ಅದೇ ಬೇಕಾಗಿತ್ತು. ಒಂದು ಚೊಂಬು, ಇನ್ನೊಂದು ಚೊಂಬು, ಮಡಕೆಯ ತಳ ಕಾಣುವ ತನಕ ಕುಡಿಸಿದೆ. ಪಕ್ಕದ ಮನೆಯಿಂದ ಬಿಂದಿಗೆ ತಂದು ಕುಡಿಸಿದೆ. ಇಷ್ಟು ಕುಡಿದವನು ಒಂದು ಸಲವಾದರೂ ಉಚ್ಚೆಗೆ ಎದ್ದನಾ ಅಂತ ನೋಡಬೇಕಿತ್ತು. ನೋಡಲಿಲ್ಲ.

ಏಳು ಗಂಟೆ ಹೊತ್ತಿಗೆ ತಲೆ ಸಿಡಿಯುತ್ತೆ ಅಂದ. ವಾಂತಿ ಮಾಡಿದ, ಬರೀ ನೀರು. ಉಷ್ಣ ಹೊರಗೆ ಬರುತ್ತಿದೆ, ಒಳ್ಳೇದೇ ಆಯಿತು ಅಂತ ಮತ್ತೆ ಎರಡು ಚೊಂಬು ಹಾಕಿದೆ. ಆಮೇಲೆ ನನ್ನನ್ನೇ ಯಾರು ನೀನು ಅಂತ ಕೇಳಿದ. ಆಗ ಹೆದರಿಕೆಯಾಯಿತು. ನಮ್ಮನೆಯವರು ಒಂದು ತೋಳು, ನಾನು ಒಂದು ತೋಳು ಹಿಡಿದು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆವು.

ಡಾಕ್ಟರು ಏನಾಯಿತು ಅಂದರು. ಬಿಸಿಲಲ್ಲಿ ಹೊರೋ ಕೆಲಸ ಮಾಡಿ ಸುಸ್ತಾಗಿದಾನೆ ಸಾರ್, ಉಷ್ಣ, ಒಂದು ಗ್ಲೂಕೋಸ್ ಏರಿಸಿ ಅಂದೆ ನಾನು. ನಮ್ಮ ಕಡೆಯ ಜನ ಡಾಕ್ಟರ ಹತ್ತಿರ ಹೋಗುವುದೇ ಹಾಗೆ, ಕಾಯಿಲೆ ಹೇಳುವುದಿಲ್ಲ, ಗ್ಲೂಕೋಸ್ ಕೇಳುತ್ತೇವೆ. ಬಾಟಲಿ ನೇತು ಹಾಕಿದರೇ ನಮಗೆ ಸಮಾಧಾನ. ಕಿವಿ ಮೇಲಿನ ಗಾಯ ಕೇಳಿದರು. ಮೆಟ್ಟಿಲ ಮೇಲಿಂದ ಬಿದ್ದ ಅಂದರು ನಮ್ಮನೆಯವರು. ನಾವು ಇಷ್ಟು ಹೇಳಿದ ಮೇಲೆ ಅವರಿಗಾದರೂ ಹೇಗೆ ಗೊತ್ತಾಗಬೇಕು. ಬಾಟಲಿ ಏರಿಸಿದರು.

ಬಾಟಲಿ ಅರ್ಧ ಇಳಿದಿತ್ತು. ಮಗನ ಕಣ್ಣು ಮೇಲಕ್ಕೆ ಹೋಯಿತು. ಬೆನ್ನು ಬಿಲ್ಲಿನ ಹಾಗೆ ಬಾಗಿ ಮಂಚದಿಂದ ಮೇಲೆದ್ದಿತು. ಆಮೇಲೆ ಕೈಕಾಲು ಬಡಿತ ಶುರುವಾಯಿತು ನೋಡಿ, ಸೂಜಿ ಕಿತ್ತು ರಕ್ತ ಗೋಡೆಗೆ ಚಿಮ್ಮಿತು, ಬಾಟಲಿ ಕೆಳಗೆ ಬಿದ್ದು ಒಡೆಯಿತು, ಕಬ್ಬಿಣದ ಮಂಚ ನೆಲಕ್ಕೆ ಗುದ್ದಿ ಗುದ್ದಿ ಜಾಗ ಬಿಟ್ಟು ಸರಿಯಿತು. ಮುಖ ನೀಲಿ. ಬಾಯಲ್ಲಿ ಕೆಂಪು ನೊರೆ. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಇಲ್ಲಿ ಆಗಲ್ಲ, ದೊಡ್ಡ ಆಸ್ಪತ್ರೆಗೆ ಓಡಿ ಅಂದರು.

ಆಟೋದಲ್ಲಿ ಮತ್ತೆ ಫಿಟ್ಸ್ ಬಂತು. ಕೈಗೆ ಕಬ್ಬಿಣ ಕೊಡಿ, ಕೈಗೆ ಕಬ್ಬಿಣ ಕೊಡಿ ಅಂತ ಡ್ರೈವರು ತನ್ನ ಬೀಗದ ಕೈ ಗೊಂಚಲನ್ನೇ ಹಿಂದಕ್ಕೆ ಚಾಚಿದ. ಫಿಟ್ಸ್ ಬಂದವರಿಗೆ ಎಲ್ಲರೂ ಮಾಡುವುದು ಅದನ್ನೇ. ಮಗ ಅದನ್ನು ಬೀಸಿದ ರಭಸಕ್ಕೆ ಗೊಂಚಲು ಪಾಪ ಡ್ರೈವರನ ತಲೆಗೇ ಬಡಿಯಿತು. ನಾಲಿಗೆ ತುಂಡಾಗುತ್ತೆ ಅಂತ ನಾನು ಅವನ ಹಲ್ಲಿನ ಮಧ್ಯೆ ಬೆರಳು ತೂರಿಸಿದೆ. ಮೂಳೆ ತನಕ ಕಚ್ಚಿದ. ಕಬ್ಬಿಣವೂ ಕೊಡಬಾರದು, ಬಾಯಿಗೆ ಏನೂ ಹಾಕಬಾರದು, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು ಅಷ್ಟೆ ಅಂತ ಆಮೇಲೆ ಹೇಳಿಕೊಟ್ಟರು.

ಕಂಟೋನ್ಮೆಂಟ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಅಲ್ಲಿ ಇದ್ದದ್ದು ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಬೆನ್ನಿನ ಬಾಸುಂಡೆ ನೋಡಿದರು, ನಮ್ಮನೆಯವರ ಮುಖ ನೋಡಿದರು. ಮೆಟ್ಟಿಲು ಅಂತಲೇ ಮತ್ತೆ ಹೇಳಿದರು ಇವರು. ತಾನು ಹೊಡೆದದ್ದಕ್ಕೇ ತಲೆ ಒಳಗೆ ಏನೋ ಒಡೆದು ಹೀಗಾಯಿತು, ನಿಜ ಹೇಳಿದರೆ ಪೊಲೀಸರು ಬೇಡಿ ಹಾಕುತ್ತಾರೆ ಅಂತ ಇವರ ಭಯ. ಡಾಕ್ಟರಿಗೂ ಅದೇ ಅನುಮಾನ, ತಲೆಯ ಫೋಟೋ ತೆಗೆಸಿದರು. ಒಳಗೆ ರಕ್ತ ಇರಲಿಲ್ಲ. ಮಿದುಳು ಊದಿಕೊಂಡಿದೆ ಅಂದರು.

ಬೆಳಗಿನ ಜಾವಕ್ಕೆ ಎರಡನೇ ಸಲದ ರಕ್ತದ ರಿಪೋರ್ಟು ಹಿಡಿದುಕೊಂಡು ಬಂದರು. ರಕ್ತದಲ್ಲಿ ಉಪ್ಪು ತುಂಬಾ ಇಳಿದುಹೋಗಿದೆ, ಇಷ್ಟು ಗಟ್ಟಿಮುಟ್ಟಾದ ಹುಡುಗನಿಗೆ ಇಳಿಯೋಕೆ ಕಾರಣವೇ ಇಲ್ಲ ಅಂದರು. ನನಗೆ ಕೋಪವೇ ಬಂತು. ಮಗ ಸಾಯ್ತಾ ಇದ್ದರೆ ಈಯಮ್ಮ ಉಪ್ಪಿನ ಮಾತಾಡ್ತಾರಲ್ಲ, ನಮ್ಮ ಮನೆಯಲ್ಲಿ ಉಪ್ಪಿಗೇನು ಬರ ಅನ್ನಿಸಿತು.

"ನೋಡಿಯಮ್ಮ, ಉಪ್ಪು ಏರಿಸ್ತಾ ಇದ್ದೀವಿ. ಆದರೆ ಇವನ ಹೊಟ್ಟೆಗೆ ಇನ್ನೇನು ಹೋಗಿದೆ ಅಂತ ಗೊತ್ತಿಲ್ಲದೆ ಕಣ್ಣು ಕಟ್ಟಿಕೊಂಡು ಔಷಧಿ ಕೊಡೋ ಹಾಗಾಗಿದೆ. ಏನಾದ್ರೂ ಮಾತ್ರೆ ತಗೊಂಡಿದ್ನಾ?"

ಇಲ್ಲ ಅಂದುಬಿಟ್ಟರು ನಮ್ಮನೆಯವರು. ನನಗೆ ಮಗನ ಮಾತು ನೆನಪಾಯಿತು. ಒಂದೇ ಒಂದು ಮಾತ್ರೆ ಅಂದಿದ್ದನಲ್ಲ. ತಲೆನೋವಿನ ಮಾತ್ರೆ ಆಗಿದ್ದರೆ ಅದನ್ನು ಒಂದೇ ಒಂದು ಅಂತ ಯಾಕೆ ಹೇಳಬೇಕಿತ್ತು. ಸಣ್ಣವನಿದ್ದಾಗ ಬೆಲ್ಲ ಕದ್ದು ಸಿಕ್ಕಿಬಿದ್ದರೂ ಹಾಗೇ ಹೇಳುತ್ತಿದ್ದ. ಆ ಮಾತು ತಲೆಗೆ ಹೊಳೆದದ್ದೇ ನಾನು ಚಪ್ಪಲಿ ಇಲ್ಲದೆ ಆಸ್ಪತ್ರೆಯಿಂದ ಹೊರಬಿದ್ದೆ.

ಅವನ ಜೊತೆ ಸ್ಪೀಕರು ಹೊರುವ ಇನ್ನೊಬ್ಬನಿದ್ದ, ಅವನ ಗೆಳೆಯ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ನಮ್ಮ ಮುಂದಿನ ಗಲ್ಲಿಯವನು. ದಿನಾ ಬೆಳಿಗ್ಗೆ ನನ್ನ ಗಾಡಿಯ ಮುಂದೆಯೇ ಹಾದು ಟೀ ಕುಡಿಯಲು ಹೋಗುತ್ತಾನೆ. ನಾನು ಹೋದಾಗ ನನ್ನ ನಾದಿನಿ ಗಾಡಿ ತೆರೆದು ಪೆಟ್ಟಿಗೆಗೆ ಕೆಂಡ ತುಂಬಿದ್ದಳು, ಗಿರಾಕಿಗಳ ಬಟ್ಟೆ ಕೊಡಬೇಕಿತ್ತಲ್ಲ. ಅವನು ಬಂದ. ನನ್ನ ಸೀರೆ ಮೇಲಿನ ರಕ್ತ ನೋಡಿದವನೇ ಹೆಜ್ಜೆ ತಿರುಗಿಸಿದ. ಆಗಲೇ ನನಗೆ ಗೊತ್ತಾಯಿತು. ಓಡಿ ಹೋಗಿ ಕೂದಲು ಹಿಡಿದೆ. ಕೆನ್ನೆಗೆ ಎರಡು ಬಿಟ್ಟೆ. ಏನು ಕೊಟ್ರೋ ನನ್ನ ಮಗನಿಗೆ ಅಂದರೆ ಏನಿಲ್ಲ ಆಂಟಿ, ಬಿಸಿಲು ಆಂಟಿ ಅಂತ ಅದೇ ರಾಗ.

ಎಳೆದು ತಂದು ಅವನ ಕೈಯನ್ನು ಇಸ್ತ್ರಿ ಹಲಗೆ ಮೇಲೆ ಒತ್ತಿ ಹಿಡಿದೆ. ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಎತ್ತಿದೆ. ಏಳು ಕೆಜಿ ಹಿತ್ತಾಳೆ, ಒಳಗೆ ನಿಗಿನಿಗಿ ಕೆಂಡ. ನಾದಿನಿ ಬೇಡ ಅತ್ತಿಗೆ ಅಂತ ಸೆರಗು ಹಿಡಿದು ಎಳೆಯುತ್ತಿದ್ದಾಳೆ.

"ನನ್ನ ಮಗ ಸಾಯ್ತಾ ಇದ್ದಾನೆ. ಈಗ ಹೇಳಿದ್ರೆ ನಿನ್ನ ಕೈ ಉಳಿಯುತ್ತೆ," ಅಂದೆ.

ಅವನು ಕೊಸರಿದ. ಪೆಟ್ಟಿಗೆಯ ಅಂಚು ಮಣಿಕಟ್ಟಿಗೆ ತಾಗಿ ಚುಯ್ ಅಂತು. ಬೇಕೆಂತಲೇ ಇಟ್ಟೆನೋ, ತಾಗಿತೋ, ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ತಪ್ಪು ಅನ್ನುವುದು ಗೊತ್ತು. ಅವನು ಅಳುತ್ತಾ ಎಲ್ಲ ಕಕ್ಕಿದ. ಪಾರ್ಟಿಗೆ ಬಂದ ದೊಡ್ಡವರ ಮಕ್ಕಳು ಕುಶಾಲಿಗೆ ಇವರಿಬ್ಬರಿಗೂ ಒಂದೊಂದು ಮಾತ್ರೆ ಕೊಟ್ಟರಂತೆ. ತಿಳಿ ಗುಲಾಬಿ ಬಣ್ಣ, ಮೇಲೆ ಚಿಟ್ಟೆಯ ಮುದ್ರೆ. ಇವನು ಅರ್ಧ ಮುರಿದು ನುಂಗಿದ, ನನ್ನ ಮಗ ಇಡೀದು. ಮೈ ಕಾಯುತ್ತೆ, ನೀರು ಕುಡೀತಾ ಇದ್ದರೆ ಏನೂ ಆಗಲ್ಲ ಅಂದರಂತೆ. ನನ್ನ ಮಗ ಹೇಳಿದ ಮಾತು ಕೇಳುವವನು. ತೋಟದ ಮನೆಯಲ್ಲೇ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡಿದ್ದ. ಅದರ ಮೇಲೆ ನನ್ನ ಮಡಕೆ, ಬಿಂದಿಗೆ. ಅದರ ಮೇಲೆ ನಾನು ಕೇಳಿ ಹಾಕಿಸಿದ ಬಾಟಲಿ.

ಅದೇ ಕೈಯಲ್ಲಿ ಅವನನ್ನು ಆಸ್ಪತ್ರೆಗೆ ದರದರ ಎಳೆದುಕೊಂಡು ಹೋದೆ. ಡಾಕ್ಟರ ಮುಂದೆ ಎಲ್ಲ ಹೇಳಿದ. ನಾನೂ ಚೊಂಬು ಲೆಕ್ಕ ಹೇಳಿದೆ, ಬೆಲ್ಟಿನ ವಿಷಯವನ್ನೂ ಹೇಳಿದೆ. ನಮ್ಮನೆಯವರು ಗೋಡೆ ಕಡೆ ಮುಖ ಮಾಡಿ ಕೂತರು. ಡಾಕ್ಟರು ಮೊದಲು ಗೆಳೆಯನ ಮಣಿಕಟ್ಟಿಗೆ ಮುಲಾಮು ಹಚ್ಚಿಸಿದರು, ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿದರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಆ ಮಾತ್ರೆ ಮೈಯನ್ನು ಒಲೆಯ ಹಾಗೆ ಕಾಯಿಸುತ್ತೆ. ಜೊತೆಗೆ ಉಚ್ಚೆಯನ್ನು ತಡೆದು ಹಿಡಿಯುತ್ತೆ. ಕುಡಿದ ನೀರು ಹೊರಗೆ ಹೋಗದೆ ರಕ್ತಕ್ಕೇ ಸೇರಿ, ಇರುವ ಉಪ್ಪನ್ನು ನೀರು ನೀರು ಮಾಡಿ, ಮಿದುಳಿಗೆ ನುಗ್ಗುತ್ತೆ. ಮಿದುಳು ಊದೋಕೆ ತಲೆಬುರುಡೆಯಲ್ಲಿ ಜಾಗ ಇಲ್ಲ. ನೀರು ಬೇಕು, ಆದರೆ ಗುಟುಕು ಗುಟುಕು, ಬಿಂದಿಗೆ ಬಿಂದಿಗೆ ಅಲ್ಲ. ಆ ಮಾತ್ರೆಯಲ್ಲಿ ಇನ್ನೇನೇನು ಬೆರೆಸಿದ್ದರೋ ಕೊಟ್ಟವರಿಗೂ ಗೊತ್ತಿರಲ್ಲ ಅಂದರು. ಕೊನೆಗೆ ಒಂದು ಮಾತು.

"ನಿನ್ನೆ ಸಂಜೆಯೇ ಮಾತ್ರೆ ಅಂತ ಒಂದು ಮಾತು ಹೇಳಿದ್ದಿದ್ರೆ ಇಷ್ಟು ದೂರ ಬರ್ತಿರಲಿಲ್ಲ ಅಮ್ಮ. ನಿಜ ಹೇಳಿದವರನ್ನ ನಾವು ಹೊಡೆಯಲ್ಲ."

ಆಗ ನಾನು ಗೋಡೆಗೆ ಹಣೆ ಚಚ್ಚಿಕೊಂಡದ್ದು.

ಮೂರು ದಿನ ಅವನ ಕೈಕಾಲನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಉಪ್ಪನ್ನು ಒಂದೇ ಸಲ ಏರಿಸುವಂತಿಲ್ಲವಂತೆ, ನಿಧಾನ. ಅವನು ಒದೆಯುತ್ತಿದ್ದ, ಉಗುಳುತ್ತಿದ್ದ, ಕಿವಿ ಮುಚ್ಚಿಕೊಳ್ಳಬೇಕಾದ ಮಾತಿನಲ್ಲಿ ನನ್ನನ್ನೇ ಬೈಯುತ್ತಿದ್ದ. ಬೈಯ್ಯಪ್ಪ, ಇನ್ನೂ ಬೈ, ಬೈಯುವ ಉಸಿರು ಇದೆಯಲ್ಲ ಅಂತ ನಾನು ಪಕ್ಕದಲ್ಲೇ ಕೂತಿದ್ದೆ.

ಎರಡನೇ ದಿನ ಮಧ್ಯಾಹ್ನ ಬೇರೆ ಯಾವುದೋ ಪಾರ್ಟಿಯಿಂದ ಇನ್ನೊಬ್ಬ ಹುಡುಗನನ್ನು ತಂದರು. ಇದೇ ಥರದ ಮಾತ್ರೆ, ಎರಡು ನುಂಗಿ ಮೇಲೆ ಹೆಂಡ ಬೇರೆ. ಬಿದ್ದವನನ್ನು ಸ್ನೇಹಿತರು ನಿದ್ದೆ ಹೋಗಲಿ ಅಂತ ಗಾಜು ಏರಿಸಿದ ಕಾರಿನಲ್ಲಿ ಮಲಗಿಸಿ ಬಿಟ್ಟಿದ್ದರಂತೆ. ಐಸ್ ಗಡ್ಡೆಯನ್ನು ಒಡೆದು ಒಡೆದು ಮೈ ಮೇಲೆಲ್ಲ ಸುರಿದರು. ಐಸು ಕರಗಿ ನೀರು ಬಾಗಿಲ ತನಕ ಹರಿಯಿತು. ಎದೆ ಗುದ್ದಿದರು, ಪಕ್ಕೆಲುಬು ಲಟಕ್ಕಂದದ್ದು ನಮಗೆ ಕೇಳಿಸಿತು. ಹೋಗಿಬಿಟ್ಟ. ಅವನ ತಾಯಿ ಬಂದು ನನ್ನ ಬೆಂಚಿನ ಮೇಲೆ ಕುಸಿದು ಕೂತರು. ಒಳ್ಳೆಯ ಗಂಜಿ ಹಾಕಿದ ಸೀರೆ, ನಮ್ಮಂಥ ಯಾರೋ ಇಸ್ತ್ರಿ ಮಾಡಿದ್ದು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರು. ನನಗೆ ಅರ್ಥವಾಗಲಿಲ್ಲ. ಕಚ್ಚಿಸಿಕೊಂಡ ಕೈಯಲ್ಲೇ ಅವರ ಕೈ ಹಿಡಿದು ಕೂತೆ. ಆಚೆ ಮಂಚದಲ್ಲಿ ನನ್ನ ಮಗ ಬೈಯುತ್ತಲೇ ಇದ್ದ. ಅದು ಕೇಳಿಸಿ ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು.

ನಾಲ್ಕನೇ ದಿನ ಕಣ್ಣು ಬಿಟ್ಟು, ಯಾಕಮ್ಮ ನನ್ನ ಕಟ್ಟಿ ಹಾಕಿದೀರಾ ಅಂದ.

ಬದುಕಿ ಬಂದ ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಎರಡು ವರ್ಷ ಫಿಟ್ಸ್ ಬಿಡಲಿಲ್ಲ. ಒಂದು ಸಲ ಬೈಯಪ್ಪನಹಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲೇ ಬಿದ್ದು ಎರಡು ಹಲ್ಲು ಮುರಿದುಕೊಂಡ, ಯಾರೋ ಪುಣ್ಯಾತ್ಮರು ಕಾಲು ಹಿಡಿದು ಒಳಕ್ಕೆ ಎಳೆದರು. ತಾನು ಇಟ್ಟ ವಸ್ತು ತನಗೇ ನೆನಪಿರುತ್ತಿರಲಿಲ್ಲ. ಅದಕ್ಕೆ ರೇಗಿ ಗೋಡೆಗೆ ಗುದ್ದುತ್ತಿದ್ದ, ನಮ್ಮ ಒಳಮನೆ ಗೋಡೆಯ ಗಾರೆ ಎಲ್ಲ ಅವನ ಮುಷ್ಟಿಗೇ ಉದುರಿದ್ದು. ನಮ್ಮನೆಯವರು ಮಾತ್ರ ಆಮೇಲೆ ಅವನ ಮೇಲೆ ಕೈ ಎತ್ತಲಿಲ್ಲ. ಸೊಂಟಕ್ಕೆ ದಾರ ಕಟ್ಟಿಕೊಂಡು ಓಡಾಡಿದರು, ಬೆಲ್ಟು ಮಾತ್ರ ಕೊಳ್ಳಲಿಲ್ಲ. ಆ ಗೆಳೆಯ ಈಗ ಕುಕ್ ಟೌನಿನಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಮಣಿಕಟ್ಟಿನ ಕಲೆ ತೋರಿಸಿ, ಆಂಟಿ ಮಾಡಿದ ಇಸ್ತ್ರಿ ನೋಡಿ, ಒಂದು ಸುಕ್ಕಿಲ್ಲ ಅಂತ ಎಲ್ಲರ ಮುಂದೆ ನನ್ನ ಮಾನ ಕಳೆಯುತ್ತಾನೆ.

ಮದುವೆ ಮಾತು ಬಂದಾಗ ಹುಡುಗಿಯ ಮುಂದೆಯೇ ಎಲ್ಲ ಹೇಳಿದೆ. ಅವಳು ತಲೆ ತಗ್ಗಿಸಿಕೊಂಡು ಕೇಳಿ, ಬಚ್ಚಿಟ್ಟು ಕಟ್ಟಿದ್ರೆ ನಿಮ್ಮಿಬ್ಬರನ್ನೂ ಕೊಂದೇ ಹಾಕ್ತಿದ್ದೆ ಅತ್ತೆ ಅಂದಳು. ಇದೇ ನಮಗೆ ಸರಿಯಾದ ಸೊಸೆ ಅಂತ ಆಗಲೇ ತಾಂಬೂಲ ಬದಲಾಯಿಸಿದೆವು.

ಇವತ್ತು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಗನ ಕೈಗೆ ಕೊಟ್ಟರು. ನೋಡುತ್ತಿದ್ದ ಹಾಗೆ ಮಗು ತಟಕ್ಕನೆ ಎರಡೂ ಕೈ ಬಿಚ್ಚಿ ಮೈ ಅದುರಿಸಿತು. ಮತ್ತೆ ಒಂದು ಸಲ. ಮಗನ ಮುಖದಲ್ಲಿ ರಕ್ತವೇ ಇಲ್ಲ. ನಾನು ಮಗುವಿನ ಎದೆ ಮೇಲೆ ಕೈ ಇಟ್ಟೆ. ಕ್ಲಿನಿಕ್ಕಿನ ಮಂಚ, ಒಡೆದ ಬಾಟಲಿ ಎಲ್ಲ ಕಣ್ಣ ಮುಂದೆ ಬಂದವು.

"ಸಿಸ್ಟರ್, ನಂಗೆ ಫಿಟ್ಸ್ ಇತ್ತು. ಚಿಕ್ಕ ವಯಸ್ಸಲ್ಲಿ ಪಾರ್ಟಿ ಮಾತ್ರೆ ನುಂಗಿದ್ದೆ. ಮಗುಗೂ ಬಂದಿದೆಯಾ ನೋಡಿ," ಅಂದ ಮಗ. ವಾರ್ಡಿನಲ್ಲಿ ಅಷ್ಟು ಜನ ಇದ್ದರು, ಅವನು ಅತ್ತ ಇತ್ತ ನೋಡಲೂ ಇಲ್ಲ.

ನರ್ಸಮ್ಮ ಮಗುವನ್ನು ಎತ್ತಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಕಣ್ಣಿಗೆ ಬೆಳಕು ಬಿಟ್ಟರು, ಅಂಗಾಲು ಗೀರಿದರು, ತಲೆ ಹಿಡಿದು ನೋಡಿದರು. ಹುಟ್ಟಿದ ಮಕ್ಕಳೆಲ್ಲ ಬೆಚ್ಚಿಬೀಳ್ತಾವೆ ಕಣಪ್ಪ, ಫಿಟ್ಸೂ ಇಲ್ಲ ಏನೂ ಇಲ್ಲ, ನಿನ್ನ ಮಾತ್ರೆ ಇವಳ ತನಕ ಬರೋದಿಲ್ಲ ಅಂತ ವಾಪಸ್ ಕೊಟ್ಟರು. ಮಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ, ಮಗುವನ್ನು ಎದೆಗೆ ಒತ್ತಿಕೊಂಡು. ಅದು ಉಸಿರು ಕಟ್ಟಿ ಕಿರುಚಿತು. ಅಷ್ಟು ಗಟ್ಟಿ ಕಿರುಚಾಟ ನಾನು ಕೇಳೇ ಇಲ್ಲ, ಆ ಕಡೆ ವಾರ್ಡಿನವರು ಬಾಗಿಲಿಗೆ ಬಂದರು.

ಸಾಯಂಕಾಲ ಮನೆಯಿಂದ ಕ್ಯಾರಿಯರಿನಲ್ಲಿ ಎಲ್ಲ ಹೊತ್ತುಕೊಂಡು ಬಂದೆ. ನಾಟಿ ಕೋಳಿ ಸಾರು, ಮುದ್ದೆ, ಬಾಣಂತಿಗೆ ಬೆಳ್ಳುಳ್ಳಿ ಮೆಣಸಿನ ಸಾರು, ಮೆತ್ತಗಿನ ಅನ್ನ. ವಾರ್ಡಿನೊಳಗೆ ಗಲಾಟೆ ಬೇಡ ಅಂದಿದ್ದಕ್ಕೆ ಸೊಸೆಯ ಮಂಚಕ್ಕೆ ಅಂಟಿದ ಬಾಗಿಲ ಆಚೆ, ವರಾಂಡದಲ್ಲಿ ಪೇಪರು ಹಾಸಿ ಕೂತೆವು. ನಾದಿನಿ, ಬೀಗರು ಬೀಗಿತ್ತಿ, ನಮ್ಮನೆಯವರು, ಮಗ. ಸೊಸೆ ಒಳಗಿಂದಲೇ ನನಗೆ ಮಾತ್ರ ಸಪ್ಪೆ ಸಾರು, ನಿಮಗೆ ಕೋಳಿನಾ ಅಂತ ಜಗಳಕ್ಕೆ ಬಂದಳು. ಅವಳ ಅಮ್ಮ ಒಂದು ತುತ್ತು ಕೋಳಿ ಸಾರಿನ ಅನ್ನ ಕದ್ದು ಅವಳ ಬಾಯಿಗಿಟ್ಟು ಬಂದರು, ನಾನು ನೋಡದ ಹಾಗೆ ಇದ್ದೆ. ನಮ್ಮನೆಯವರು ತಮ್ಮ ಮುದ್ದೆ ಮುರಿದು, ದೊಡ್ಡ ಭಾಗವನ್ನು ಮಗನ ತಟ್ಟೆಗೆ ಹಾಕಿ, ತಿನ್ನು, ಆರಿಹೋಗುತ್ತೆ ಅಂದರು. ಅವನು ಒಂದು ಕೈಯಲ್ಲಿ ಮಗು ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ.